ಅವಸರಂ ಲೇದು

ಸಿಂಧನೂರಿನ ಒಂದು ಗೊಬ್ಬರದ ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ನಾನು ಸೇರಿ ಆಗಿನ್ನೂ ಎರಡು ತಿಂಗಳು ತುಂಬಿರಲಿಲ್ಲ. ಮುಂಗಾರಿನ ನಾಟಿ ಮುಗಿದು, ನೆಲ್ಲಿಗೆ ಮೇಲುಗೊಬ್ಬರ ಕೊಡುವ ದಿನಗಳು ಬಂದಿದ್ದವು. ತೆಲುಗು ರೈತರು ನೆಲೆಸಿದ ಯಾವ ಕ್ಯಾಂಪಿಗೆ ಎಷ್ಟು ಚೀಲ ಯೂರಿಯಾ ಹೋಗಬೇಕು, ಯಾರದು ನಗದು, ಯಾರದು ಉದ್ರಿ ಎಂಬುದನ್ನೆಲ್ಲ ಬರೆದುಕೊಂಡು ಹಮಾಲರ ಕೈಗೆ ಚೀಟಿ ಕೊಡುವುದು ನನ್ನ ಕೆಲಸವಾಗಿತ್ತು. ಹಿಂದಿನ ವಾರವೇ ಇಪ್ಪತ್ತು ಚೀಲ ಹೇಳಿಟ್ಟಿದ್ದ ಕ್ಯಾಂಪಿನ ಹಿರಿಯ ರೈತರೊಬ್ಬರು ಒಂದು ಬೆಳಿಗ್ಗೆ ಫೋನು ಮಾಡಿ ತೆಲುಗಿನಲ್ಲಿ, "ಆ ಯೂರಿಯಾ ಇಪ್ಪುಡು ಅವಸರಂ ಲೇದು ಬಾಬೂ" ಎಂದರು. ನಾನು "ಆಯ್ತ್ರೀ ಯಜಮಾನ್ರ" ಎಂದು ಫೋನಿಟ್ಟು, ಪುಸ್ತಕದಲ್ಲಿ ಅವರ ಹೆಸರಿನ ಮುಂದೆ "ಅವಸರವಿಲ್ಲ, ನಿಧಾನಕ್ಕೆ ಕಳಿಸಿದರೆ ಸಾಕು" ಎಂದು ಬರೆದೆ. ಅವಸರವಿದ್ದವರಿಗೆಲ್ಲ ಕಳಿಸಿ ಮುಗಿದ ಮೇಲೆ, ನಾಲ್ಕನೆಯ ದಿನ, ಇಪ್ಪತ್ತೂ ಚೀಲಗಳನ್ನು ಗೂಡ್ಸ್ ಗಾಡಿಗೆ ಹೇರಿಸಿ ಅವರ ಮನೆಗೆ ಕಳಿಸಿಕೊಟ್ಟೆ.

ಗಾಡಿ ಹೇರಿದ್ದು ಹೇರಿದ ಹಾಗೆಯೇ ಸಂಜೆಗೆ ಮರಳಿ ಬಂತು. ಮರುದಿನ ಆ ಹಿರಿಯರೇ ಅಂಗಡಿಗೆ ಬಂದರು. ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ, ನೊಂದ ದನಿಯಿತ್ತು. "ಅವಸರಂ ಲೇದನಿ ಚೆಪ್ಪಾನು ಕದಾ ಬಾಬೂ, ಮಳ್ಳೀ ಎಂದುಕು ಪಂಪಾವು?" ಎಂದರು. ಬೇಡವೆಂದು ಹೇಳಿದ್ದೆನಲ್ಲಪ್ಪಾ, ಮತ್ತೇಕೆ ಕಳಿಸಿದೆ ಎಂಬುದು ಅವರ ಪ್ರಶ್ನೆ. ಅವರ ಅಳಿಯ ಅಷ್ಟರಲ್ಲಿ ಬೇರೆ ಊರಿನಿಂದ ಗೊಬ್ಬರ ತಂದು ಹಾಕಿ ಆಗಿತ್ತು. ನಮ್ಮ ಸಾಹುಕಾರರು ಪುಸ್ತಕ ತೆರೆದು ನಾನು ಬರೆದ ಸಾಲನ್ನು ಓದಿದರು. "ಅವರು ಬ್ಯಾಡ ಅಂದಾರ, ನೀ ತಡಾ ಆದ್ರ ನಡೀತದ ಅಂತ ಬರ್ಕೊಂಡಿ. ನಮ್ಮ ಅವಸರ ಬ್ಯಾರೆ, ಅವರ ಅವಸರ ಬ್ಯಾರೆ ತಮ್ಮಾ" ಎಂದರು. ಹೋಗಿಬಂದ ಗಾಡಿಯ ಬಾಡಿಗೆ ಅಂಗಡಿಯ ಮೇಲೆ ಬಿತ್ತು. ಅದಕ್ಕಿಂತ ಹೆಚ್ಚಾಗಿ, ಅದೇ ಇಪ್ಪತ್ತು ಚೀಲಕ್ಕಾಗಿ ಎರಡು ದಿನ ಬಂದು ಬರಿಗೈಯಲ್ಲಿ ಹೋಗಿದ್ದ ಇನ್ನೊಬ್ಬ ರೈತನ ಮುಖ ನನ್ನ ಕಣ್ಣ ಮುಂದೆ ಬಹಳ ದಿನ ಉಳಿಯಿತು.

ನಾನು ಲಿಂಗಸುಗೂರು ಕಡೆಯ ಒಣಬೇಸಾಯದ ಊರಿನವನು. ನಮ್ಮೂರಿನಲ್ಲಿ ತೆಲುಗು ಕಿವಿಗೆ ಬೀಳುತ್ತಿದ್ದುದು ಸಂತೆಯ ದಿನ ಮಾತ್ರ. ಸಿಂಧನೂರಿನ ಮಾತು ಹಾಗಲ್ಲ. 1945ರಲ್ಲಿ ಕೆಲಸ ಶುರುವಾದ ತುಂಗಭದ್ರಾ ಅಣೆಕಟ್ಟು 1953ರಲ್ಲಿ ಮುಗಿದು, 227 ಕಿಲೋಮೀಟರ್ ಉದ್ದದ ಎಡದಂಡೆ ಕಾಲುವೆ ಕೊಪ್ಪಳ ಮತ್ತು ರಾಯಚೂರು ಜಿಲ್ಲೆಗಳ ಎರೆಹೊಲಗಳಿಗೆ ನೀರು ತಂದ ಮೇಲೆ, ನೆಲ್ಲು ಬೆಳೆದು ಗೊತ್ತಿದ್ದ ಕರಾವಳಿ ಆಂಧ್ರದ ರೈತರು ಇಲ್ಲಿಗೆ ಬಂದು ಭೂಮಿ ಕೊಂಡು ನೆಲೆನಿಂತರು. ಅವರು ಗುಡಿಸಲು ಹಾಕಿಕೊಂಡ ಜಾಗಗಳೆಲ್ಲ ಕ್ಯಾಂಪುಗಳಾದವು, ಆ ಕ್ಯಾಂಪುಗಳು ಇಂದು ಗುಡಿ, ಶಾಲೆ, ಅಕ್ಕಿ ಗಿರಣಿಗಳಿರುವ ಊರುಗಳೇ ಆಗಿದ್ದರೂ ಹೆಸರಿನ ತುದಿಯಲ್ಲಿ ಕ್ಯಾಂಪ್ ಎಂಬುದು ಉಳಿದಿದೆ. ಗಂಗಾವತಿಯಿಂದ ಮಾನ್ವಿಯವರೆಗೆ ಕಾಲುವೆಯ ದಂಡೆ ಹಿಡಿದು ಹೋದರೆ ಒಂದು ಫರ್ಲಾಂಗಿನಲ್ಲಿ ಕನ್ನಡ, ಮುಂದಿನದರಲ್ಲಿ ತೆಲುಗು, ಅದರಾಚೆ ಉರ್ದು ಕೇಳಿಸುತ್ತದೆ. ಇಂಥ ನೆಲದಲ್ಲಿ ಕೆಲಸಕ್ಕೆ ಬಂದವನು ಮೊದಲು ಕಲಿಯಬೇಕಾದ ಶಬ್ದವನ್ನು ನಾನು ಗೊತ್ತಿದೆಯೆಂದು ಭಾವಿಸಿ ಕಲಿಯದೇ ಬಿಟ್ಟಿದ್ದೆ.

ಗೊತ್ತಿಲ್ಲದ ಶಬ್ದ ಕಿವಿಗೆ ಬಿದ್ದರೆ ಮನುಷ್ಯ ನಿಂತು ಕೇಳುತ್ತಾನೆ. ಆ ಹಿರಿಯರು ಬೇಡ ಎನ್ನಲು "ವದ್ದು" ಎಂದಿದ್ದರೆ ನಾನು "ಹಂಗಂದ್ರ ಏನ್ರೀ" ಎಂದು ಕೇಳಿರುತ್ತಿದ್ದೆ. ಅವರು ಆಡಿದ್ದು ನನ್ನದೇ ಮನೆಯ ಶಬ್ದದಂತೆ ಕೇಳಿಸಿತು, ಆದ್ದರಿಂದ ನಾನು ಕೇಳಲಿಲ್ಲ. ಅವಸರದಂಥ ಸಂಸ್ಕೃತದ ಶಬ್ದ ಹಾಕಿದರೆ ದೇಶದ ಎಲ್ಲರಿಗೂ ಅರ್ಥವಾಗುತ್ತದೆಂದು ಹೇಳುವವರ ಮಾತನ್ನು ಅಂದಿನಿಂದ ನಾನು ಒಪ್ಪುವುದಿಲ್ಲ. ಅಂಥ ಶಬ್ದವನ್ನು ಎಲ್ಲರೂ ಗುರುತಿಸುತ್ತಾರೆ ಎಂಬುದು ನಿಜ; ಗುರುತಿಸಿದವರೆಲ್ಲ ಒಂದೇ ಅರ್ಥ ಮಾಡಿಕೊಳ್ಳುತ್ತಾರೆ ಎಂಬುದು ನಿಜವಲ್ಲ.

ತೆಲುಗಿನಲ್ಲಿ ಅವಸರಂ ಎಂದರೆ ಅಗತ್ಯ, ಬೇಕಾಗಿರುವಿಕೆ. ಹಾಗಾದರೆ ನಮ್ಮ ಅವಸರಕ್ಕೆ ಅವರೇನೆನ್ನುತ್ತಾರೆ ಎಂದು ವಿಚಾರಿಸಿದಾಗ ತಿಳಿದದ್ದು ಇನ್ನೂ ದೊಡ್ಡ ಅಚ್ಚರಿ. ಅದಕ್ಕೆ ಅವರ ಶಬ್ದ ತೊಂದರ. "ತೊಂದರ ಲೇದು" ಎಂದರೆ ಅವಸರವಿಲ್ಲ ಎಂದರ್ಥ, ಆದರೆ ಕನ್ನಡದ ಕಿವಿಗೆ ಅದು ತೊಂದರೆಯಿಲ್ಲ ಎಂದೇ ಕೇಳಿಸುತ್ತದೆ. ತಮಿಳಿನ ತೊಂದರವು ಎಂಬುದಕ್ಕೆ ನಮ್ಮ ತೊಂದರೆಯ ಅರ್ಥವೇ ಇದೆ. ಒಂದು ಶಬ್ದ ಸರಿದು ಕುಳಿತ ಕಡೆ ಇನ್ನೊಂದು ಎದ್ದು ಮುಂದಕ್ಕೆ ಹೋದಂತೆ, ಪಂಕ್ತಿಯ ಊಟದಲ್ಲಿ ಒಬ್ಬರ ಎಲೆಯ ಮುಂದೆ ಮತ್ತೊಬ್ಬರು ಕುಳಿತಂತೆ ಇದು ನನಗೆ ಕಂಡಿತು. ಬೇಕಾಗಿಲ್ಲ ಎನ್ನಲು ಅವರಿಗೆ ಇನ್ನೊಂದು ಮಾತೂ ಇದೆ, "ಅಕ್ಕರಲೇದು". ಅದನ್ನು ಕೇಳಿದ್ದರೆ ಅವರಿಗೆ ನಮ್ಮ ಮೇಲೆ ಅಕ್ಕರೆಯಿಲ್ಲವೆಂದು ತಿಳಿದು ನಾನು ನೊಂದುಕೊಳ್ಳುತ್ತಿದ್ದೆನೇನೋ.

ಆ ದಿನದಿಂದ ಈ ಒಂದು ಶಬ್ದದ ಬೆನ್ನು ಹತ್ತಿದೆ. ಅಂಗಡಿಗೆ ಬರುವವರನ್ನು ಕೇಳಿದೆ, ಗ್ರಂಥಾಲಯದಲ್ಲಿ ನಿಘಂಟುಗಳನ್ನು ನೋಡಿದೆ.

ಶಬ್ದದ ಮೂಲ ಸಂಸ್ಕೃತದ ಸೃ ಎಂಬ ಧಾತು. ಹರಿಯುವುದು, ಸರಿಯುವುದು, ಚಲಿಸುವುದು ಅದರ ಅರ್ಥ. ನದಿಗೆ ಸರಿತ್ ಎನ್ನುವುದು, ಒಂದೆಡೆಯಿಂದ ಎಲ್ಲೆಡೆಗೆ ಹರಡುವುದಕ್ಕೆ ಪ್ರಸಾರ ಎನ್ನುವುದು, ಹುಟ್ಟುಸಾವುಗಳ ನಿಲ್ಲದ ಹರಿವಿಗೆ ಸಂಸಾರ ಎನ್ನುವುದು ಎಲ್ಲವೂ ಈ ಧಾತುವಿನಿಂದಲೇ. ಅದಕ್ಕೆ ಅವ ಎಂಬ ಉಪಸರ್ಗ ಸೇರಿದಾಗ ಕೆಳಕ್ಕೆ ಎಂಬ ಅರ್ಥ ಕೂಡಿಕೊಳ್ಳುತ್ತದೆ. ಅವತಾರದಲ್ಲಿ, ಅವರೋಹಣದಲ್ಲಿ ಇರುವುದು ಅದೇ ಅವ. ಹೀಗೆ ಅವಸರ ಎಂದರೆ ಕೆಳಗಿಳಿದು ಬರುವುದು. ನೀರು ಇಳಿದು ಬರುವುದು, ಮಳೆ ಎಂಬ ಅರ್ಥವನ್ನೂ ಸಂಸ್ಕೃತ ನಿಘಂಟು ಈ ಶಬ್ದಕ್ಕೆ ಕೊಡುತ್ತದೆ. ಮಳೆಗಾಗಿ ಮುಗಿಲು ನೋಡುವ ಊರಿನಲ್ಲಿ ಬೆಳೆದ ನನಗೆ ಆ ಸಾಲು ಕಂಡಾಗ ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂರಬೇಕೆನಿಸಿತು.

ಆದರೆ ಕಾವ್ಯಗಳಲ್ಲಿ, ಶಾಸ್ತ್ರಗಳಲ್ಲಿ ಹೆಚ್ಚಾಗಿ ಬಳಕೆಯಾದ ಅರ್ಥವೆಂದರೆ ತಕ್ಕ ಹೊತ್ತು, ಸಂದರ್ಭ. ಅಮರಕೋಶ "ಪ್ರಸ್ತಾವಃ ಸ್ಯಾದವಸರಃ" ಎಂದು ಎರಡನ್ನೂ ಜೋಡಿಸಿ ಹೇಳುತ್ತದೆ. ಅಲ್ಲಿ ಅವಸರಕ್ಕೆ ಗಡಿಬಿಡಿಯ ಸೋಂಕೇ ಇಲ್ಲ. ನಮ್ಮ ಹಳಗನ್ನಡದಲ್ಲಿಯೂ ಇರಲಿಲ್ಲ. ಪಿಯುಸಿಯಲ್ಲಿ ಚಂಪೂ ಕಾವ್ಯದ ಒಂದು ಗದ್ಯಭಾಗ ಓದುವಾಗ "ಆ ಅವಸರದೊಳ್" ಎಂಬಲ್ಲಿ ನಾನು "ಆ ಗಡಿಬಿಡಿಯಲ್ಲಿ" ಎಂದು ಅರ್ಥ ಹೇಳಿದ್ದೆ. ಮೇಷ್ಟ್ರು ತಿದ್ದಿ, "ಇಲ್ಲಿ ಅವಸರ ಅಂದ್ರ ಹೊತ್ತು, ಆ ಹೊತ್ತಿನಾಗ ಅಂತ ಬರ್ಕೋ" ಎಂದರು. ಬರೆದುಕೊಂಡೆ, ಪರೀಕ್ಷೆ ಮುಗಿಯುತ್ತಲೇ ಮರೆತೆ. ಅದೊಂದು ಹಳೆಯ ಭಾಷೆಯ ಸಂಗತಿ, ನನ್ನ ಬಾಯಿಯ ಮಾತಿಗೂ ಅದಕ್ಕೂ ನಂಟಿಲ್ಲ ಎಂದುಕೊಂಡಿದ್ದೆ. ರಾಜರು ಓಲಗ ಕೊಡುವುದಕ್ಕೂ ಅವಸರವೆಂಬ ಹೆಸರಿತ್ತು, ಅಂದರೆ ದೊರೆಯ ಮುಖ ಕಾಣಲು ಒದಗಿದ ಹೊತ್ತು.

ಹೊತ್ತು ಎಂಬ ಈ ಮೂಲದಿಂದ ನಮ್ಮ ಕಡೆ ಗಡಿಬಿಡಿಯೂ ಆಂಧ್ರದ ಕಡೆ ಅಗತ್ಯವೂ ಹುಟ್ಟಿದ್ದು ಹೇಗೆ? ಇದಕ್ಕೆ ಉತ್ತರ ನಮ್ಮ ಅಡುಗೆಮನೆಯಲ್ಲಿಯೇ ಇದೆ. ನಮ್ಮವ್ವ ಸಾಸಿವೆ ಡಬ್ಬಿಯ ತಳದಲ್ಲಿ ನೋಟು ಮಡಿಚಿ ಇಡುತ್ತಾ "ಅವಸರಕ್ಕ ಇರ್ಲಿ" ಎನ್ನುತ್ತಿದ್ದಳು. ಅವಳ ಮಾತಿನಲ್ಲಿ ಓಡುವ ಗಡಿಬಿಡಿಯೇನೂ ಇರಲಿಲ್ಲ. ಬೇಕಾದ ಹೊತ್ತಿಗೆ, ಕಷ್ಟದ ಹೊತ್ತಿಗೆ ಆಗಲಿ ಎಂಬುದೇ ಅದರ ಅರ್ಥ. ತೆಲುಗಿನವರು "ಅವಸರಾನಿಕಿ" ಎಂದರೆ ಇದೇ. ಅವಸರ ಎಂದಷ್ಟೇ ಹೇಳಿದಾಗ ನಮ್ಮ ಎರಡು ಭಾಷೆಗಳು ಬೇರೆಯಾಗುತ್ತವೆ, ಅವಸರಕ್ಕೆ ಎಂದ ಕೂಡಲೇ ಒಂದಾಗುತ್ತವೆ. ಹೊತ್ತು ಒದಗಿ ಬಂತೆಂದರೆ ಅದು ಏನನ್ನೋ ಕೇಳುತ್ತದೆ, ಹಾಗೆ ಕೇಳಿ ನಿಲ್ಲುವುದೂ ಇಲ್ಲ. ಕೇಳುವುದನ್ನು ತೆಲುಗು ಹಿಡಿಯಿತು, ನಿಲ್ಲದಿರುವುದನ್ನು ಕನ್ನಡ ಹಿಡಿಯಿತು.

ಅಗತ್ಯ ತಿರುಗಿ ತುರ್ತಾಗುವುದಕ್ಕೆ ನಮ್ಮ ಜಿಲ್ಲೆಯ ಬಾಯಲ್ಲಿ ಇನ್ನೊಂದು ಸಾಕ್ಷಿಯೂ ಇದೆ. 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದ ರಾಯಚೂರಿನ ಕನ್ನಡದಲ್ಲಿ ಉರ್ದುವಿನ ಶಬ್ದಗಳು ಬೇಕಾದಷ್ಟಿವೆ. ಅರಬ್ಬಿಯಿಂದ ಉರ್ದುವಿಗೆ ಬಂದ ಜರೂರತ್ ಎಂದರೆ ಅಗತ್ಯ, ಜರೂರ್ ಎಂದರೆ ಖಂಡಿತ. ಅದೇ ಶಬ್ದ ನಮ್ಮಲ್ಲಿ "ಜರೂರು ಕೆಲಸ ಐತಿ, ಲಗೂನ ಬಾ" ಎಂದಾಗ ತುರ್ತು ಎಂಬ ಅರ್ಥ ಪಡೆದಿದೆ. ಅವಸರ ನಡೆದ ದಾರಿಯಲ್ಲಿಯೇ ಜರೂರೂ ನಡೆದಿದೆ. ಇನ್ನು ಲಗೂನ ಎಂಬುದರಲ್ಲಿ ಇರುವುದು ಸಂಸ್ಕೃತದ ಲಘು, ಅಂದರೆ ಹಗುರ. ಜಲ್ದಿ ಎಂಬುದು ಪಾರ್ಸಿಯ ಕಡೆಯಿಂದ ಬಂದದ್ದು. ಬೇಗ ಎಂಬುದು ವೇಗದ ತದ್ಭವ. ನಾವು ದಿನವೂ ಆಡುವ ಗಡಿಬಿಡಿಯ ಮಾತುಗಳಲ್ಲಿ ಎಷ್ಟೊಂದು ಹೊರಗಿನಿಂದ ಬಂದವು ಎಂಬುದನ್ನು ಗಮನಿಸಿದಾಗ, ಹೊತ್ತು, ನಿಧಾನ, ತಾಳ್ಮೆಗಳ ಬಗ್ಗೆ ಯೋಚಿಸುತ್ತಾ ನಾನು ಬಹಳ ದೂರ ಹೋದದ್ದುಂಟು. ಅದು ಇಲ್ಲಿ ಬೇಡ.

ತೆಲುಗಿನ ಅರ್ಥ ಒಮ್ಮೆ ತಿಳಿದ ಮೇಲೆ ಆದೋನಿಗೋ ಗುಂತಕಲ್ಲಿಗೋ ಹೋದಾಗ ಗೋಡೆಯ ಮೇಲಿನ ಬರಹಗಳು ಬೇರೆಯಾಗಿ ಕಾಣತೊಡಗುತ್ತವೆ. ಪಡಿತರದ ಅಂಗಡಿಯಲ್ಲಿ ಸಿಗುವ ಅಕ್ಕಿ, ಬೇಳೆ, ಸಕ್ಕರೆಗಳಿಗೆ ಅಲ್ಲಿ ನಿತ್ಯಾವಸರ ವಸ್ತುವುಲು ಎನ್ನುತ್ತಾರೆ. ನಿತ್ಯವೂ ಅವಸರವೇ ಎಂದು ಕನ್ನಡಿಗ ಓದಿಕೊಂಡರೆ ತಪ್ಪು, ಅವು ದಿನಬಳಕೆಗೆ ಬೇಕೇಬೇಕಾದವು. ಬಸ್ಸಿನ ತುರ್ತು ಬಾಗಿಲಿಗೆ ಅತ್ಯವಸರ ದ್ವಾರಂ, 1975ರ ತುರ್ತು ಪರಿಸ್ಥಿತಿಗೆ ಅತ್ಯವಸರ ಪರಿಸ್ಥಿತಿ. ಇಲ್ಲಿ ಮಾತ್ರ ಅಗತ್ಯ ತೀರ ಹೆಚ್ಚಾಗಿ, ಅತಿ ಎಂಬುದು ಸೇರಿಕೊಂಡು, ನಮ್ಮ ಗಡಿಬಿಡಿಯ ಹತ್ತಿರಕ್ಕೇ ಬಂದಿದೆ. ತಮಿಳು ಈ ವಿಷಯದಲ್ಲಿ ನಮ್ಮ ಪಕ್ಷ. ಆಸ್ಪತ್ರೆಯ ತುರ್ತು ಚಿಕಿತ್ಸೆಯ ವಿಭಾಗಕ್ಕೆ ಅಲ್ಲಿ ಅವಸರ ಎಂದೇ ಬರೆದಿರುತ್ತದೆ, ನಾವು ಸುಗ್ರೀವಾಜ್ಞೆ ಎನ್ನುವುದಕ್ಕೆ ಅವರು ಅವಸರ ಚಟ್ಟಂ ಎನ್ನುತ್ತಾರೆ. ನಮ್ಮ ರಸ್ತೆಯ ಬದಿಯಲ್ಲಿ ಮಾತ್ರ ಈ ಶಬ್ದಕ್ಕೆ ಒಳ್ಳೆಯ ಹೆಸರಿಲ್ಲ. ಅವಸರವೇ ಅಪಘಾತಕ್ಕೆ ಕಾರಣ ಎಂಬ ಫಲಕದಲ್ಲಿಯೇ ಅದನ್ನು ಹೆಚ್ಚಾಗಿ ಕಾಣುತ್ತೇವೆ.

ಹಿಂದಿಯಲ್ಲಿ ಅವಸರ್ ಒಳ್ಳೆಯ ಶಬ್ದ. ಒದಗಿಬಂದ ಅವಕಾಶವೇ ಅಲ್ಲಿನ ಅವಸರ್. ಉದ್ಯೋಗಾವಕಾಶ ಎಂದು ನಾವು ಬರೆಯುವ ಕಡೆ ಅವರು ರೋಜ್‌ಗಾರ್ ಕೇ ಅವಸರ್ ಎಂದು ಬರೆಯುತ್ತಾರೆ, ನಮ್ಮ ಅವಕಾಶವಾದಿ ಅಲ್ಲಿ ಅವಸರವಾದಿಯಾಗುತ್ತಾನೆ. ಮಲಯಾಳದಲ್ಲಿಯೂ ಅವಸರಂ ಎಂದರೆ ಅವಕಾಶವೇ. ಗುಜರಾತಿಯವರ ಬಾಯಲ್ಲಿ ಅದು ಇನ್ನಷ್ಟು ಮಂಗಳಕರ. ಮದುವೆಯಂಥ ಶುಭಕಾರ್ಯದ ಹೊತ್ತಿಗೆ ಅವರು ಅವಸರ್ ಎನ್ನುತ್ತಾರೆ. ಮದುವೆಮನೆಯಲ್ಲಿ ಗಡಿಬಿಡಿ ಇದ್ದೇ ಇರುತ್ತದಾದ್ದರಿಂದ ಕನ್ನಡಿಗನಿಗೆ ಅಲ್ಲಿ ದೊಡ್ಡ ಎಡವಟ್ಟೇನೂ ಆಗಲಿಕ್ಕಿಲ್ಲ.

ಎಲ್ಲಕ್ಕಿಂತ ದೂರದ ಅರ್ಥ ಮಾತ್ರ ನನಗೆ ನಮ್ಮ ಅಂಗಡಿಯ ಗಲ್ಲೆಯ ಮುಂದೆಯೇ ಸಿಕ್ಕಿತು. ಸಿಂಧನೂರು ತಾಲೂಕಿನಲ್ಲಿ ತೆಲುಗಿನವರ ಕ್ಯಾಂಪುಗಳಲ್ಲದೆ ಆರ್.ಎಚ್. ಕ್ಯಾಂಪುಗಳೆಂಬ ಪುನರ್ವಸತಿ ಕ್ಯಾಂಪುಗಳೂ ಇವೆ. ಪೂರ್ವ ಪಾಕಿಸ್ತಾನದಿಂದ ಎಲ್ಲವನ್ನೂ ಬಿಟ್ಟು ಬಂದ ಬಂಗಾಳಿ ಕುಟುಂಬಗಳಿಗೆ ಸರ್ಕಾರ ಇಲ್ಲಿ ನೆಲೆ ಕಲ್ಪಿಸಿತ್ತು. ಆ ಕುಟುಂಬಗಳ ಮೂರನೆಯ ತಲೆಮಾರಿನ ಹುಡುಗರು ಕನ್ನಡ ಶಾಲೆಯಲ್ಲಿ ಓದಿ ನಮ್ಮಂತೆಯೇ ಕನ್ನಡ ಆಡುತ್ತಾರೆ. ಯೂರಿಯಾಕ್ಕೆ ಸಾಲು ಹಚ್ಚಿದ್ದ ಒಂದು ದಿನ, ಅಂಥ ಯುವಕನೊಬ್ಬ ನಾನು ರಟ್ಟಿನ ಮೇಲೆ ಬರೆದು ತೂಗುಹಾಕಿದ್ದ "ಅವಸರ ಮಾಡಬೇಡಿ, ಸಾಲಿನಲ್ಲಿ ಬನ್ನಿ" ಎಂಬುದನ್ನು ಓದಿ ನಕ್ಕ. ಕೇಳಿದಾಗ ಹೇಳಿದ: "ನಮ್ಮ ಮನಿ ಭಾಷಾದಾಗ ಒಬೊಶೊರ್ ಅಂದ್ರ ಬಿಡುವು ಅಣ್ಣಾರ. ನೌಕ್ರಿಯಿಂದ ರಿಟೈರ್ ಆಗೋದಕ್ಕೂ ಅದನ್ನೇ ಅಂತೀವಿ. ನೀವು ಬರ್ದದ್ದು ನಮ್ಮಜ್ಜಿ ಓದಿದ್ರ, ಪುರುಸೊತ್ತು ತಗೋಬ್ಯಾಡ್ರಿ ಅಂತ ತಿಳ್ಕೊಂತಾಳ."

ನನಗೆ ನಗು ಬರಲಿಲ್ಲ, ಅಷ್ಟು ಆಶ್ಚರ್ಯವಾಗಿತ್ತು. ಆ ಅಕ್ಷರಗಳೇ ವಂಗನಾಡಿನಲ್ಲಿ ಒಕಾರ ತಳೆದು, ವಕಾರ ಬಕಾರವಾಗಿ, ಸಕಾರ ಶಕಾರವಾಗಿ, ಅರ್ಥ ಪೂರ್ತಿ ತಿರುಗಿ, ಕಾಲು ಚಾಚಿ ಕೂತಿದ್ದವು. ನಿವೃತ್ತ ಶಿಕ್ಷಕರಿಗೆ ಬಂಗಾಳಿಯಲ್ಲಿ ಅವಸರಪ್ರಾಪ್ತರು ಎನ್ನುತ್ತಾರೆ, ಒಡಿಯಾದಲ್ಲಿಯೂ ಹಾಗೆಯೇ. ಇದೂ ದಾರಿ ತಪ್ಪಿ ಬಂದ ಅರ್ಥವಲ್ಲ. ಕೈಗೆ ಒದಗಿದ ಹೊತ್ತು ಎಂದರೆ ಬೇರೆ ಕೆಲಸ ತುಂಬಿರದ ಹೊತ್ತು ಎಂದೂ ಆಗುತ್ತದೆ, ಸಂಸ್ಕೃತದಲ್ಲಿ ಆ ಅರ್ಥವೂ ಇತ್ತು. ಒದಗಿದ ಹೊತ್ತಿಗೆ ನಾವು ಓಡಿದೆವು, ಅವರು ಕೂತರು.

ಇದರಂತೆಯೇ ಅವ ಎಂಬ ಉಪಸರ್ಗ ಹೊತ್ತ ಅವಕಾಶದ ಕಥೆಯೂ ಹೀಗೆಯೇ ಇದೆ. ನಮಗೂ ತೆಲುಗಿನವರಿಗೂ ಅದು ಒದಗಿದ ಸಂದರ್ಭ, ಹಿಂದಿಯಲ್ಲಿ ರಜೆ, ಮರಾಠಿಯಲ್ಲಿ ಬಿಡುವೂ ಹೌದು, ನಕ್ಷತ್ರಗಳಿರುವ ಬಾಹ್ಯಾಕಾಶವೂ ಹೌದು, ತಮಿಳಿನಲ್ಲಿ ಕೆಲಸಕ್ಕೆ ಕೊಟ್ಟ ಗಡುವಿನ ಕಾಲ. ಮಲಯಾಳದಲ್ಲಿ ಅವಕಾಶಂ ಎಂದರೆ ಹಕ್ಕು. ಮಾನವ ಹಕ್ಕುಗಳಿಗೆ ಅಲ್ಲಿ ಮನುಷ್ಯಾವಕಾಶ ಎನ್ನುತ್ತಾರೆ. ಒಬ್ಬರಿಗೆ ಸಿಕ್ಕರೆ ಸಿಗಬಹುದಾದದ್ದು ಇನ್ನೊಬ್ಬರ ಭಾಷೆಯಲ್ಲಿ ಕೊಡಲೇಬೇಕಾದದ್ದಾಗಿ ನಿಂತಿರುವುದನ್ನು ಕಂಡಾಗ ನನಗೆ ಆ ಭಾಷೆಯ ಮೇಲೆ ಗೌರವ ಹುಟ್ಟಿತು.

ಈ ಅರ್ಥಗಳಲ್ಲಿ ಯಾವುದು ಸರಿ, ಯಾರು ಶಬ್ದವನ್ನು ಕೆಡಿಸಿದರು ಎಂದು ಕೇಳುವವರಿದ್ದಾರೆ. ಕೆಡಿಸಿದವರು ಯಾರೂ ಇಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟು ಕಿತ್ತು ಹೋದಾಗ ಈ ಶಬ್ದದ ಎಲ್ಲ ಅರ್ಥಗಳನ್ನೂ ನಾನು ಒಟ್ಟಿಗೆ ಕಂಡಿದ್ದೇನೆ. ತುಂಬಿದ್ದ ಜಲಾಶಯದ ನೀರು ನದಿಯ ಪಾಲಾಗುತ್ತಿತ್ತು. ನಾಟಿ ಮಾಡಿದ ನೆಲ್ಲು ಹೊಲದಲ್ಲಿತ್ತು. ನಮ್ಮ ಅಂಗಡಿಯ ಕಟ್ಟೆಯ ಮೇಲೆ ಕನ್ನಡದವರು, ತೆಲುಗಿನವರು, ಬಂಗಾಳಿಗಳು ಒಂದೇ ಮೊಬೈಲಿನ ಮೇಲೆ ಬಗ್ಗಿ ಸುದ್ದಿ ನೋಡುತ್ತಿದ್ದರು. ಗೊಬ್ಬರ ಕೇಳುವವರಿರಲಿಲ್ಲ, ಹಮಾಲರು ಚೀಲಗಳ ಮೇಲೆ ಬಿಡುವಾಗಿ ಕೂತಿದ್ದರು, ಅಂಥ ಬಿಡುವು ಯಾರಿಗೂ ಬೇಡವಾಗಿತ್ತು. ಸುಮಾರು ಒಂದು ವಾರದಲ್ಲಿ ತಾತ್ಕಾಲಿಕ ಗೇಟು ಕೂಡಿಸಿ ಹರಿವನ್ನು ನಿಲ್ಲಿಸಿದ ಸುದ್ದಿ ಬಂದ ದಿನ ಆ ಕ್ಯಾಂಪಿನ ಹಿರಿಯರೂ ಅಲ್ಲಿದ್ದರು. ಕಾಲುವೆಯಲ್ಲಿ ನೀರು ಇಳಿದು ಬರುವುದು, ಅದು ಬರುವ ಹೊತ್ತು, ಆ ಹೊತ್ತಿನ ಅಗತ್ಯ, ಅದು ಮೀರುವುದರೊಳಗೆ ಮಾಡಬೇಕಾದ ಗಡಿಬಿಡಿ, ಇವುಗಳನ್ನು ನಮ್ಮ ರೈತರು ಬೇರೆಬೇರೆ ಶಬ್ದಗಳಾಗಿ ಎಂದೂ ಬದುಕಿಲ್ಲ.

ಆದರೂ ಲೆಕ್ಕದ ಪುಸ್ತಕಕ್ಕೆ ಅವು ಬೇರೆಬೇರೆಯಾಗಿಯೇ ಬೇಕು. ಈಗ ನಮ್ಮ ಪುಸ್ತಕದಲ್ಲಿ ಚೀಲಗಳ ಸಂಖ್ಯೆಯ ಪಕ್ಕದಲ್ಲಿ ಎರಡು ಕಾಲಂ ಎಳೆದಿದ್ದೇನೆ. ಬೇಕೋ ಬೇಡವೋ ಎಂಬುದು ಮೊದಲನೆಯದು, ಯಾವಾಗ ಎಂಬುದು ಎರಡನೆಯದು. ಫೋನಿನಲ್ಲಿ ಯಾರೇ ಮಾತಾಡಲಿ, ಯಾವ ಭಾಷೆಯಲ್ಲೇ ಮಾತಾಡಲಿ, ಎರಡನ್ನೂ ಬಿಡಿಸಿ ಕೇಳಿ ಬರೆಯುತ್ತೇನೆ. ಹೋದ ಹಂಗಾಮಿನಲ್ಲಿ ಆ ಹಿರಿಯರ ಫೋನು ಬಂತು. ಹದಿನೈದು ಚೀಲ ಎಂದರು. "ಕಾವಾಲಾ, ವದ್ದಾ ಪೆದ್ದಾಯನಾ?" ಎಂದು ಕೇಳಿದೆ. ಹಳೆಯದು ಅವರಿಗೂ ನೆನಪಿತ್ತೆಂದು ಕಾಣುತ್ತದೆ, ಒಂದೊಂದೇ ಶಬ್ದ ಬಿಡಿಸಿ ಹೇಳಿದರು: "ಕಾವಾಲಿ ಬಾಬೂ. ತೊಂದರ ಲೇದು."

ಮೊದಲ ಕಾಲಂನಲ್ಲಿ "ಬೇಕು" ಎಂದು ಬರೆದೆ. ಎರಡನೆಯದರಲ್ಲಿ "ಅವಸರವಿಲ್ಲ" ಎಂದು ಬರೆದೆ.